ಕೊಲೆಸ್ಟ್ರಾಲ್ ಇಳಿದಿದೆ, ಖುಷಿ ಪಡಬಹುದಾ?

ಈ ಸಲ ಲಿವರ್ ಕಾಯಿಲೆ ಮತ್ತು ಕೊಲೆಸ್ಟ್ರಾಲ್ ಎರಡೂ ಸೇರಿಕೊಂಡ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿದ್ದೇನೆ. ಹೆಸರುಗಳನ್ನು ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 61 ವರ್ಷ. ನಾಲ್ಕು ವರ್ಷದ ಹಿಂದೆ ಸಿರೋಸಿಸ್ ಇದೆ ಅಂತ ಗೊತ್ತಾಯಿತು. ಆಗ ಒಟ್ಟು ಕೊಲೆಸ್ಟ್ರಾಲ್ 228 ಇತ್ತು. ಕಳೆದ ವಾರ ಮಾಡಿಸಿದರೆ 104. 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುತ್ತಾರಲ್ಲ, ಆ ಎಚ್‌ಡಿಎಲ್ 26. ಕೊಲೆಸ್ಟ್ರಾಲ್‌ಗೆ ಅಂತ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ಊಟ ಸ್ವಲ್ಪ ಕಡಿಮೆಯಾಗಿದೆ ಅಷ್ಟೇ. ಮನೆಯವರೆಲ್ಲ ಖುಷಿಯಾಗಿದ್ದಾರೆ. ನನಗೆ ಯಾಕೋ ಸಮಾಧಾನವಿಲ್ಲ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಮನೆಯವರ ತಪ್ಪೂ ಇಲ್ಲ ಬಿಡಿ. ಕೊಲೆಸ್ಟ್ರಾಲ್ ಅಂದರೆ ಇಳಿಯಬೇಕಾದ ವಸ್ತು ಅಂತಲೇ ನಾವು ಡಾಕ್ಟರುಗಳು ಎಲ್ಲರಿಗೂ ಹೇಳಿಕೊಟ್ಟಿದ್ದೇವೆ. ಲ್ಯಾಬ್ ರಿಪೋರ್ಟನ್ನು ಒಮ್ಮೆ ತೆಗೆದು ನೋಡಿ. ಒಟ್ಟು ಕೊಲೆಸ್ಟ್ರಾಲ್ ಎದುರಿಗೆ '200ಕ್ಕಿಂತ ಕಡಿಮೆ' ಅಂತ ಇರುತ್ತದೆ. ಎಷ್ಟಕ್ಕಿಂತ ಕೆಳಗೆ ಹೋಗಬಾರದು ಅಂತ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ 104 ಬಂದರೂ ಅಲ್ಲಿ ಕೆಂಪು ಗುರುತು ಬೀಳುವುದಿಲ್ಲ.

ನಮ್ಮ ದೇಹದಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಒಳಗೇ ತಯಾರಾಗುತ್ತದೆ, ತಿಂದದ್ದರಿಂದ ಬರುವುದು ಉಳಿದ ಕಾಲು ಭಾಗ. ತಯಾರಿಸುವ ಕೆಲಸದಲ್ಲಿ ಲಿವರ್‌ನದೇ ದೊಡ್ಡ ಕೈ. ತಯಾರಿಸಿ ಸುಮ್ಮನಿರುವುದಿಲ್ಲ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲವಲ್ಲ, ರಕ್ತದಲ್ಲಿ ಓಡಾಡಬೇಕಾದರೆ ಅದಕ್ಕೊಂದು ಪ್ರೋಟೀನಿನ ಹೊದಿಕೆ ಬೇಕು. ಆ ಹೊದಿಕೆಯ ಪ್ರೋಟೀನನ್ನೂ ಲಿವರೇ ಮಾಡಬೇಕು. ಹೀಗೆ ಕಟ್ಟಿ ಹೊರಗೆ ಕಳಿಸಿದ ಮೂಟೆಗೆ ವಿಎಲ್‌ಡಿಎಲ್ ಅಂತ ಹೆಸರು. ಅದು ದಾರಿಯಲ್ಲಿ ತನ್ನೊಳಗಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸುತ್ತಾ ಹೋಗಿ ಕೊನೆಗೆ ಎಲ್‌ಡಿಎಲ್, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್' ಆಗುತ್ತದೆ. ಎಚ್‌ಡಿಎಲ್‌ನ ಮುಖ್ಯ ಪ್ರೋಟೀನು ತಯಾರಾಗುವುದೂ ಲಿವರ್ ಮತ್ತು ಕರುಳಿನಲ್ಲಿ. ಹಳೆಯ ಎಲ್‌ಡಿಎಲ್ ಅನ್ನು ರಕ್ತದಿಂದ ವಾಪಸ್ ಎಳೆದುಕೊಂಡು, ಪಿತ್ತರಸ ಮಾಡಿ ಕರುಳಿಗೆ ಸುರಿಯುವುದೂ ಇದೇ ಲಿವರ್.

ಸಿರೋಸಿಸ್‌ನಲ್ಲಿ ಲಿವರ್ ಗಾಯದ ಕಲೆ ಕಟ್ಟಿಕೊಂಡು ಗಟ್ಟಿಯಾಗುತ್ತಾ ಬರುತ್ತದೆ, ಕೆಲಸ ಮಾಡುವ ಜೀವಕೋಶಗಳು ಕಡಿಮೆಯಾಗುತ್ತವೆ. ಆಗ ತಯಾರಿಯೂ ಕಡಿಮೆ, ಕಳಿಸುವುದೂ ಕಡಿಮೆ. ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ಕಾಯಿಲೆ ಮುಂದುವರಿದಷ್ಟೂ ಇಳಿತ ಜಾಸ್ತಿ. ಮಾತ್ರೆ ಇಲ್ಲದೆ, ವ್ಯಾಯಾಮ ಇಲ್ಲದೆ 228 ಇದ್ದದ್ದು 104ಕ್ಕೆ ಬಂದಿದೆ ಅಂದರೆ, ಲಿವರ್ ಸುಧಾರಿಸಿದೆ ಅನ್ನುವುದಕ್ಕಿಂತ ಅದರ ಕೈ ಸೋತಿದೆ ಅಂತ ಅನುಮಾನಿಸುವುದೇ ಸರಿ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ತಪ್ಪು ಮಾಡಿ ಕಲಿತದ್ದೇ ಹೆಚ್ಚು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಬರುತ್ತಿದ್ದರು. ಹಳೇ ಸಿರೋಸಿಸ್. ಎರಡು ರಿಪೋರ್ಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಕೊಲೆಸ್ಟ್ರಾಲ್ ಸಾಲಿನ ಮೇಲೆ ಬೆರಳಿಟ್ಟು, 'ನೋಡಿ, ಎಷ್ಟು ಚೆನ್ನಾಗಿ ಇಳಿಸಿಕೊಂಡಿದ್ದೀರಿ' ಅಂತ ಬೆನ್ನು ತಟ್ಟಿದ್ದೆ. ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗೆ, ಲಿವರೇ ತಯಾರಿಸುವ ಅಲ್ಬುಮಿನ್ ಎಂಬ ಪ್ರೋಟೀನು 3.6ರಿಂದ 2.8ಕ್ಕೆ ಬಂದಿತ್ತು. ನೋಡಿದ್ದೆ, ಆದರೆ ಎರಡನ್ನೂ ಸೇರಿಸಿ ಓದಲಿಲ್ಲ. ಮೂರು ತಿಂಗಳಲ್ಲಿ ಅವರು ಹೊಟ್ಟೆಯಲ್ಲಿ ನೀರು ತುಂಬಿಸಿಕೊಂಡು ವಾಪಸ್ ಬಂದರು.

ಅದಕ್ಕೇ ಹೇಳುತ್ತೇನೆ, ತಂದೆಯವರ 104 ಅನ್ನು ಒಂಟಿಯಾಗಿ ನೋಡಬೇಡಿ. ಅಲ್ಬುಮಿನ್, ಕಾಮಾಲೆ ತೋರಿಸುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್, ಪ್ಲೇಟ್‌ಲೆಟ್ ಈ ನಾಲ್ಕರ ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಲಿವರ್ ಡಾಕ್ಟರ ಹತ್ತಿರ ಹೋಗಿ. ಕಾಲು ಊದಿದೆಯಾ, ಹೊಟ್ಟೆ ದಪ್ಪವಾಗಿದೆಯಾ, ಹಗಲು ನಿದ್ದೆ ರಾತ್ರಿ ಎಚ್ಚರ ಆಗಿದೆಯಾ, ಮಾತಿನಲ್ಲಿ ತಡವರಿಕೆ ಇದೆಯಾ ಅನ್ನುವುದನ್ನೂ ಹೇಳಿ. ಸಿರೋಸಿಸ್ ಎಷ್ಟರ ಮಟ್ಟಿಗಿದೆ ಅಂತ ಅಳೆಯುವ ಚೈಲ್ಡ್-ಪ್ಯೂ ಲೆಕ್ಕದಲ್ಲಿ ಕೊಲೆಸ್ಟ್ರಾಲ್‌ಗೆ ಜಾಗವಿಲ್ಲ. ಹಾಗಾಗಿ ಇದನ್ನು ಯಾರೂ ತಾವಾಗೇ ಕೇಳದೆ ಇರಬಹುದು. ನೀವೇ ಎತ್ತಿ ತೋರಿಸಿ.

ಎಚ್‌ಡಿಎಲ್ 26 ಬಗ್ಗೆಯೂ ಒಂದು ಮಾತು. ಎಚ್‌ಡಿಎಲ್ ಅಂದರೆ ಬರೀ ಹೃದಯದ ಕಾವಲುಗಾರ ಅಂತ ತಿಳಿದಿದ್ದೇವೆ. ಸಿರೋಸಿಸ್‌ನಲ್ಲಿ ಕರುಳಿನಿಂದ ರಕ್ತಕ್ಕೆ ಸೋರಿ ಬರುವ ಬ್ಯಾಕ್ಟೀರಿಯಾದ ವಿಷವನ್ನು ಹಿಡಿದು ತಣ್ಣಗೆ ಮಾಡುವ ಕೆಲಸವೂ ಅದರದ್ದೇ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು, ಸೋಂಕಿನಂಥ ಹೊಡೆತ ತಡೆದುಕೊಳ್ಳಲು ಬೇಕಾದ ಕಾರ್ಟಿಸಾಲ್ ಹಾರ್ಮೋನು ಮಾಡುವುದಕ್ಕೂ ಕೊಲೆಸ್ಟ್ರಾಲ್ ಬೇಕು. ಹಾಗಾಗಿ ಎಚ್‌ಡಿಎಲ್ ತೀರಾ ಕಡಿಮೆ ಇರುವ ಸಿರೋಸಿಸ್ ರೋಗಿಗೆ ಸೋಂಕು ತಗುಲಿದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಜ್ವರ ಬಂದರೆ 'ನಾಳೆ ನೋಡೋಣ' ಅನ್ನಬೇಡಿ.

ಎಲ್ಲ ಇಳಿತಕ್ಕೂ ಲಿವರೇ ಕಾರಣ ಅಂತಲೂ ಅಲ್ಲ. ಊಟ ತೀರಾ ಕಡಿಮೆಯಾದರೆ, ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ, ಒಳಗೆ ಸೋಂಕಿದ್ದರೆ ಆಗಲೂ ಇಳಿಯುತ್ತದೆ. ಇವನ್ನೂ ಒಮ್ಮೆ ನೋಡಿಸಿ.

ಪ್ರಶ್ನೆ: ಸಿರೋಸಿಸ್‌ನಲ್ಲಿ ಕೊಲೆಸ್ಟ್ರಾಲ್ ಕಡಿಮೆಯಾದರೆ ಕೊಬ್ಬಿನ ಪದಾರ್ಥ ಜಾಸ್ತಿ ತಿಂದು ಏರಿಸಬಹುದಲ್ವಾ?

ಉತ್ತರ: ಆಗುವುದಿಲ್ಲ. ಕಟ್ಟುವವನಿಗೇ ಶಕ್ತಿ ಇಲ್ಲದಾಗ ಇಟ್ಟಿಗೆ ತಂದು ಸುರಿದರೆ ಗೋಡೆ ಏಳುತ್ತದಾ? ಆದರೆ ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ಮುಖ್ಯ ವಿಷಯವಿದೆ. 'ಲಿವರ್ ಕಾಯಿಲೆ, ಎಣ್ಣೆ ಬೇಡ, ಪ್ರೋಟೀನು ಬೇಡ, ಗಂಜಿ ಸಾಕು' ಅಂತ ಮನೆಯವರು ಪ್ರೀತಿಯಿಂದಲೇ ರೋಗಿಯನ್ನು ಉಪವಾಸ ಕೆಡವುತ್ತಾರೆ. ಇದು ತಪ್ಪು. ಸಿರೋಸಿಸ್ ಇದ್ದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು. ಕ್ಯಾಲೊರಿಯೂ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30ರಿಂದ 35 ಬೇಕು. ಹೊಟ್ಟೆಯ ನೀರಿನ ತೂಕವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತುಂಬಾ ದಪ್ಪ ಇದ್ದವರ ಲೆಕ್ಕವೂ ಬೇರೆ, ಅದನ್ನು ಆಹಾರ ತಜ್ಞರು ಹಾಕಿಕೊಡಬೇಕು. ಮಲಗುವ ಮುಂಚೆ ಏನಾದರೂ ತಿನ್ನಬೇಕು. ಗಟ್ಟಿಯಾದ ಲಿವರ್‌ಗೆ ರಾತ್ರಿಗೆ ಬೇಕಾದಷ್ಟು ಸಕ್ಕರೆ ಕೂಡಿಡಲು ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹತ್ತು ಗಂಟೆ ಕಳೆದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸಲು ಶುರು ಮಾಡುತ್ತದೆ. ಉಪ್ಪಿನ ಕಡಿತ ಹೊಟ್ಟೆಯಲ್ಲಿ ನೀರು ಇರುವವರಿಗೆ. ಎಣ್ಣೆಯನ್ನು ಪೂರ್ತಿ ಬಿಡುವ ಅಗತ್ಯ ಬಹಳಷ್ಟು ಜನರಿಗೆ ಇರುವುದಿಲ್ಲ.

ಪ್ರಶ್ನೆ: ನನಗೆ 48 ವರ್ಷ. ಎರಡು ವರ್ಷದಿಂದ ಮೈ ತುರಿಕೆ, ಸುಸ್ತು. ಈಗ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಅಂದಿದ್ದಾರೆ. ಕೊಲೆಸ್ಟ್ರಾಲ್ 412! ಕಣ್ಣಿನ ರೆಪ್ಪೆಯ ಮೂಲೆಯಲ್ಲಿ ಹಳದಿ ಗಂಟು ಎದ್ದಿದೆ. ನನ್ನ ಅಕ್ಕನಿಗೂ ಲಿವರ್ ಕಾಯಿಲೆ, ಅವಳದ್ದು 120 ಇದೆ. ಇಬ್ಬರಿಗೂ ಲಿವರ್ರೇ ಕೆಟ್ಟಿರುವಾಗ ಹೀಗೇಕೆ? ಹಾರ್ಟ್ ಅಟ್ಯಾಕ್ ಆಗುತ್ತದಾ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ.

ಉತ್ತರ: ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ತಾಯಿ. ನಿಮ್ಮದು ಲಿವರ್‌ನ ಚರಂಡಿ ಕಟ್ಟಿಕೊಂಡ ಕಾಯಿಲೆ. ಅಕ್ಕನದು ಲಿವರ್‌ನ ತಯಾರಿಯೇ ಕುಂದಿದ ಕಾಯಿಲೆ ಇರಬೇಕು.

ದೇಹ ಹೆಚ್ಚಿನ ಕೊಲೆಸ್ಟ್ರಾಲನ್ನು ಹೊರಗೆ ಹಾಕುವ ದಾರಿ ಬಹುಪಾಲು ಒಂದೇ, ಪಿತ್ತರಸ. ಕೊಲೆಸ್ಟ್ರಾಲ್ ಅನ್ನುವ ಹೆಸರೇ ಅಲ್ಲಿಂದ ಬಂದದ್ದು. ಪಿತ್ತಕೋಶದ ಕಲ್ಲುಗಳಲ್ಲಿ ಸಿಕ್ಕ ಈ ವಸ್ತುವಿಗೆ ಫ್ರಾನ್ಸಿನ ಮಿಶೆಲ್ ಶೆವ್ರೆಲ್ 200 ವರ್ಷಗಳ ಹಿಂದೆ 'ಕೊಲೆಸ್ಟರಿನ್' ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಖೊಲೆ' ಅಂದರೆ ಪಿತ್ತ, 'ಸ್ಟಿರಿಯೋಸ್' ಅಂದರೆ ಗಟ್ಟಿ. ಸರಿ, ಆ ದಾರಿಯೇ ಕಟ್ಟಿಕೊಂಡರೆ? ನಿಮ್ಮ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿ ಬೀಳುತ್ತದೆ. ಪಿತ್ತ ಹಿಂದಕ್ಕೆ ನಿಲ್ಲುತ್ತದೆ, ಅದರಲ್ಲಿದ್ದ ಕೊಲೆಸ್ಟ್ರಾಲ್ ಮತ್ತು ಫಾಸ್ಫೋಲಿಪಿಡ್ ರಕ್ತಕ್ಕೆ ಚೆಲ್ಲುತ್ತವೆ. ತುರಿಕೆಗೂ ಮೂಲ ಇದೇ ನಿಂತ ಪಿತ್ತ.

ಹೀಗೆ ಚೆಲ್ಲಿದ ಕೊಬ್ಬು ರಕ್ತದಲ್ಲಿ ಒಂದು ವಿಚಿತ್ರ ಕಣವಾಗಿ ಸುತ್ತುತ್ತದೆ. ಅದಕ್ಕೆ ಲೈಪೋಪ್ರೋಟೀನ್-ಎಕ್ಸ್ ಅಂತ ಹೆಸರು. ಸಾಂದ್ರತೆಯಲ್ಲಿ ಎಲ್‌ಡಿಎಲ್ ಹಾಗೇ ಇರುವುದರಿಂದ ಲ್ಯಾಬಿನ ಲೆಕ್ಕ ಮೋಸ ಹೋಗಿ ಇದನ್ನೂ ಎಲ್‌ಡಿಎಲ್ ಅಂತಲೇ ಎಣಿಸಿಬಿಡುತ್ತದೆ. ಆದರೆ ನಿಜವಾದ ಎಲ್‌ಡಿಎಲ್ ಮೇಲೆ ಇರುವ ಅಪೋ-ಬಿ ಎಂಬ ಪ್ರೋಟೀನು ಇದರ ಮೇಲೆ ಇಲ್ಲ. ಆ ಅಪೋ-ಬಿ ಅಳೆಯುವ ಪರೀಕ್ಷೆ ಇದೆ. ಎಲ್‌ಡಿಎಲ್ ಅಂಕಿ ಆಕಾಶದಲ್ಲಿದ್ದು ಅಪೋ-ಬಿ ಅಷ್ಟಕ್ಕಷ್ಟೇ ಇದ್ದರೆ ರಿಪೋರ್ಟಿನಲ್ಲಿ ಕಾಣುತ್ತಿರುವುದು ಈ ವೇಷಧಾರಿ ಅಂತ ತಿಳಿಯಬಹುದು. ನಿಮ್ಮ ಡಾಕ್ಟರನ್ನು ಇದೊಂದು ಕೇಳಿ ನೋಡಿ. ಎಕ್ಸ್ ಕಣವನ್ನು ರಕ್ತದಿಂದ ಎಳೆದುಕೊಳ್ಳುವ ಬಾಗಿಲು ಬೇರೆ, ಹಾಗಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಪಿತ್ತದ ಹರಿವು ಸುಧಾರಿಸಿದರೆ ತಾನಾಗೇ ಇಳಿಯುತ್ತದೆ. ಅದಕ್ಕೆ ಉರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಶುರು ಮಾಡಿರುತ್ತಾರೆ, ತೂಕಕ್ಕೆ ತಕ್ಕಂತೆ, ಕಿಲೋಗೆ ದಿನಕ್ಕೆ 13ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ. ನಿಮ್ಮ ತೂಕಕ್ಕೆ ಸರಿಹೊಂದುತ್ತದಾ ಅಂತ ಗುಣಿಸಿ ನೋಡಿಕೊಳ್ಳಿ, ಡೋಸ್ ಕಡಿಮೆ ಬಿದ್ದಿರುವುದು ಅಪರೂಪವೇನಲ್ಲ. ಹಾಗೆ ಕಂಡರೆ ಡಾಕ್ಟರನ್ನು ಕೇಳಿ, ನೀವೇ ಏರಿಸಿಕೊಳ್ಳಬೇಡಿ.

ಹೃದಯದ ವಿಷಯ. ಈ ಕಾಯಿಲೆಯಲ್ಲಿ ಕೊಲೆಸ್ಟ್ರಾಲ್ ಏರಿದಷ್ಟೇ ಪ್ರಮಾಣದಲ್ಲಿ ಹೃದಯಾಘಾತ ಏರುವುದು ಕಂಡುಬಂದಿಲ್ಲ. ಶುರುವಿನ ಹಂತದಲ್ಲಿ ಎಚ್‌ಡಿಎಲ್ ಕೂಡ ಚೆನ್ನಾಗಿರುತ್ತದೆ. ಹಾಗಂತ ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ಆ ಲೆಕ್ಕ ಬೇರೆ. ಆಗ ಸ್ಟ್ಯಾಟಿನ್ ಕೊಡಬಹುದು, ಈ ಕಾಯಿಲೆಯಲ್ಲಿ ಅದಕ್ಕೆ ಅಡ್ಡಿ ಇಲ್ಲ. ರೆಪ್ಪೆಯ ಗಂಟು ಚರ್ಮದಡಿ ಕೂತ ಕೊಬ್ಬು ಅಷ್ಟೇ, ನೋಯುವುದಿಲ್ಲ, ಚಿವುಟಬೇಡಿ. ತುರಿಕೆಗೆ ಕೊಲೆಸ್ಟಿರಮೈನ್ ಪುಡಿ ಕೊಟ್ಟಿದ್ದರೆ ಅದನ್ನು ಬೇರೆ ಮಾತ್ರೆಗಳ ಜೊತೆ ಸೇರಿಸಿ ನುಂಗಬೇಡಿ, ನಾಲ್ಕು ಗಂಟೆ ಅಂತರ ಇಡಿ. ಅದು ಎದುರಿಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಹೋಗುತ್ತದೆ, ಉರ್ಸೊ ಮಾತ್ರೆಯನ್ನೂ ಬಿಡುವುದಿಲ್ಲ. ಪಿತ್ತ ಕರುಳಿಗೆ ಸರಿಯಾಗಿ ಇಳಿಯದಿದ್ದರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ಮೂಳೆಯ ಪರೀಕ್ಷೆಯನ್ನೂ ಮಾಡಿಸಿ.

ಇಷ್ಟು ಹೇಳಿ ಒಂದು ಎಚ್ಚರಿಕೆ. ಮುಂದೆ ವರ್ಷಗಳ ನಂತರ ಬಿಲಿರುಬಿನ್ ಏರುತ್ತಾ, ಕೊಲೆಸ್ಟ್ರಾಲ್ ಇಳಿಯುತ್ತಾ ಬಂದರೆ ಮೇಲಿನ ಮೊದಲ ಪ್ರಶ್ನೆಯ ಉತ್ತರ ನಿಮಗೂ ಅನ್ವಯಿಸುತ್ತದೆ. ಅಂದಹಾಗೆ, ಈ ಕಾಯಿಲೆಯ ಹೆಸರಿನಲ್ಲಿ ಮೊದಲು 'ಸಿರೋಸಿಸ್' ಅಂತಲೇ ಇತ್ತು, 2015ರಲ್ಲಿ ಬದಲಾಯಿಸಿದರು. ಹಳೆಯ ಹೆಸರು ನೋಡಿ ಹೆದರಬೇಡಿ, ಈ ಕಾಯಿಲೆ ಬಂದವರಿಗೆಲ್ಲ ಸಿರೋಸಿಸ್ ಆಗಿರುವುದಿಲ್ಲ.

ಪ್ರಶ್ನೆ: ಫ್ಯಾಟಿ ಲಿವರ್ ಇದೆ, ಶುಗರ್ ಇದೆ. ಎಲ್‌ಡಿಎಲ್ 162, ಟ್ರೈಗ್ಲಿಸರೈಡ್ 290, ಎಸ್‌ಜಿಪಿಟಿ 68. ಸ್ಟ್ಯಾಟಿನ್ ಬರೆದುಕೊಟ್ಟಿದ್ದಾರೆ. 'ಅದು ಲಿವರ್ ಹಾಳು ಮಾಡುತ್ತೆ' ಅಂತ ಗೆಳೆಯರು ಹೇಳುತ್ತಾರೆ. ಮಾತ್ರೆ ಪೆಟ್ಟಿಗೆಯಲ್ಲೇ ಇದೆ.

ಉತ್ತರ: ಪೆಟ್ಟಿಗೆಯಿಂದ ತೆಗೆಯಿರಿ. ಗೆಳೆಯರ ಮೇಲೆ ನನಗೆ ಕೋಪವಿಲ್ಲ, ಒಂದು ಕಾಲದಲ್ಲಿ ಡಾಕ್ಟರುಗಳೂ ಹೀಗೇ ಹೆದರುತ್ತಿದ್ದರು. ಸ್ಟ್ಯಾಟಿನ್‌ನಿಂದ ಗಂಭೀರ ಲಿವರ್ ತೊಂದರೆ ತೀರಾ ಅಪರೂಪ. ಪದೇ ಪದೇ ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು ಅನ್ನುವ ನಿಯಮವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2012ರಲ್ಲಿ ಕೈಬಿಟ್ಟಿತು. ಎಸ್‌ಜಿಪಿಟಿ ಅಂದರೆ ಲಿವರ್‌ಗೆ ಏಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವ; ಅದು ಮಾಮೂಲಿ ಮೇಲ್ಮಿತಿಯ ಮೂರು ಪಟ್ಟು ದಾಟಿದರೆ ಯೋಚಿಸಬೇಕು, ನಿಮ್ಮ 68 ಆ ಗಡಿಯ ಹತ್ತಿರವೂ ಇಲ್ಲ. ಅದು ಏರಿರುವುದು ಬಹುಶಃ ಲಿವರ್‌ನಲ್ಲಿ ಕೂತ ಕೊಬ್ಬಿನಿಂದಲೇ.

ನಿಮ್ಮಲ್ಲಿ ನಡೆಯುತ್ತಿರುವುದು ಮೊದಲ ಪ್ರಶ್ನೆಯ ತಂದೆಯವರಿಗೆ ಪೂರ್ತಿ ಉಲ್ಟಾ. ನಿಮ್ಮ ಲಿವರ್‌ನಲ್ಲಿ ಕೊಬ್ಬು ಜಾಸ್ತಿಯಾಗಿ ಅದು ಮೂಟೆ ಮೂಟೆಯಾಗಿ ವಿಎಲ್‌ಡಿಎಲ್ ಹೊರಗೆ ತಳ್ಳುತ್ತಿದೆ. ಅದಕ್ಕೇ ಟ್ರೈಗ್ಲಿಸರೈಡ್ 290. ಇದರ ಜೊತೆಗೆ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ ಗಟ್ಟಿಯಾಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ಫ್ಯಾಟಿ ಲಿವರ್ ಇರುವವರಲ್ಲಿ ಹೆಚ್ಚು ಜನರ ಜೀವ ತೆಗೆಯುವುದು ಹೃದಯದ ಕಾಯಿಲೆ, ಲಿವರ್ ಅಲ್ಲ. ಆ ಹೃದಯವನ್ನು ಕಾಯುವ ಮಾತ್ರೆಯನ್ನೇ ಲಿವರ್ ಹೆಸರಿನಲ್ಲಿ ಬಿಟ್ಟು ಕೂತರೆ ಹೇಗೆ? ಮೈತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಲಿವರ್‌ನ ಊತವೂ ತಗ್ಗುತ್ತದೆ. 80 ಕಿಲೋ ಇದ್ದರೆ ಆರರಿಂದ ಎಂಟು ಕಿಲೋ.

ಸಿರೋಸಿಸ್ ಆಗಿದ್ದರೂ, ನೀರು ತುಂಬುವುದು, ಕಾಮಾಲೆ ಇಂಥವು ಇಲ್ಲದಿದ್ದರೆ ಸ್ಟ್ಯಾಟಿನ್ ಕೊಡಬಹುದು. ಲಿವರ್‌ಗೆ ಹೋಗುವ ರಕ್ತನಾಳದ ಒತ್ತಡ ಇಳಿಸುವುದಕ್ಕೂ ಅದು ಸಹಾಯ ಮಾಡುತ್ತದೆ. ಕಾಯಿಲೆ ಕೈಮೀರಿದವರಲ್ಲಿ ಮಾತ್ರ ಹುಷಾರು. ಅಂಥವರಿಗೆ ಸಿಮ್ವಾಸ್ಟ್ಯಾಟಿನ್ 40 ಮಿಲಿಗ್ರಾಂ ಕೊಟ್ಟು ನೋಡಿದಾಗ ಕೆಲವರಲ್ಲಿ ಮಾಂಸಖಂಡ ಒಡೆಯುವ ತೊಂದರೆ ಕಾಣಿಸಿಕೊಂಡಿತು. ಅದಕ್ಕೇ ಅವರಿಗೆ ಕೊಡುವುದಾದರೂ 20 ದಾಟುವುದಿಲ್ಲ, ಕೊಟ್ಟ ಮೇಲೂ ಕಣ್ಣಿಟ್ಟಿರುತ್ತಾರೆ.

ಪ್ರಶ್ನೆ: ನಾನು ದಿನಾ ಕುಡಿಯುತ್ತೇನೆ. ಎಚ್‌ಡಿಎಲ್ 79 ಇದೆ. ಹಾಗಾದರೆ ಹೃದಯ ಗಟ್ಟಿ ಅಂತ ತಾನೇ?

ಉತ್ತರ: ಅಲ್ಲ. ಮದ್ಯ ಎಚ್‌ಡಿಎಲ್ ಏರಿಸುತ್ತದೆ, ನಿಜ. ಆ ಅಂಕಿ ಏರಿದರೆ ಹೃದಯ ಉಳಿಯುತ್ತದೆ ಅನ್ನುವುದು ಸುಳ್ಳಾಗಿದೆ. ಎಚ್‌ಡಿಎಲ್ ಏರಿಸಲೆಂದೇ ಮಾಡಿದ ಟಾರ್ಸೆಟ್ರಪಿಬ್ ಎಂಬ ಮಾತ್ರೆ ಅದನ್ನು ಚೆನ್ನಾಗಿಯೇ ಏರಿಸಿತು, ಸಾವುಗಳನ್ನೂ ಏರಿಸಿತು, 2006ರಲ್ಲಿ ಪ್ರಯೋಗ ನಿಲ್ಲಿಸಿದರು. ನಿಮ್ಮ ಟ್ರೈಗ್ಲಿಸರೈಡ್ ಎಷ್ಟಿದೆ ಅಂತ ಬರೆದಿಲ್ಲ. ಜಾಸ್ತಿ ಕುಡಿಯುವ ಕೆಲವರ ರಕ್ತವನ್ನು ನಳಿಗೆಯಲ್ಲಿ ಇಟ್ಟರೆ ಮೇಲೆ ನಿಲ್ಲುವ ದ್ರವ ತಿಳಿಯಾಗಿರುವುದಿಲ್ಲ, ಹಾಲಿನಂತೆ ಬೆಳ್ಳಗಿರುತ್ತದೆ. ಕಾಮಾಲೆ, ರಕ್ತದಲ್ಲಿ ಕೊಬ್ಬು, ಕೆಂಪು ರಕ್ತಕಣಗಳು ಒಡೆಯುವುದು ಈ ಮೂರೂ ಒಟ್ಟಿಗೆ ಬರುವುದನ್ನು ಲೆಸ್ಲಿ ಝೀವ್ 1958ರಲ್ಲಿ ವಿವರಿಸಿದರು, ಝೀವ್ ಸಿಂಡ್ರೋಮ್ ಅಂತಲೇ ಅದಕ್ಕೆ ಹೆಸರು.

ಇನ್ನೂ ಮುಂದೆ ಹೋದರೆ ಇನ್ನೊಂದು ಚಿತ್ರ. ಕೊಲೆಸ್ಟ್ರಾಲನ್ನು ಸಾಗಿಸಲು ತಯಾರು ಮಾಡುವ ಒಂದು ಕಿಣ್ವವಿದೆ, ಅದೂ ಲಿವರ್‌ನಲ್ಲೇ ಆಗಬೇಕು. ಅದು ಕಡಿಮೆಯಾದರೆ ಬಿಡಿ ಕೊಲೆಸ್ಟ್ರಾಲ್ ಕೆಂಪು ಕಣಗಳ ಹೊರಪದರಕ್ಕೆ ಮೆತ್ತಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಾಣಬೇಕಾದ ಕಣಗಳು ಮುಳ್ಳು ಮುಳ್ಳಾಗಿ ಕಾಣುತ್ತವೆ. ಗುಲ್ಮ ಅವನ್ನು ಬೇಗ ಮುರಿದು ಹಾಕುತ್ತದೆ. ಅಂಥ ಸ್ಲೈಡ್ ನೋಡಿದಾಗ ನಮಗೆ ಲಿವರ್ ಕಸಿಯ ಮಾತು ನೆನಪಾಗುತ್ತದೆ. ನಿಮ್ಮ 79 ಮುಂದೊಂದು ದಿನ ಸುಮ್ನೆ 30 ಆಗಬಹುದು, ಆಗ ಅದು ಮದ್ಯ ಕಡಿಮೆಯಾದದ್ದರಿಂದ ಆಗಿರಲಿ ಅಂತ ಹಾರೈಸುತ್ತೇನೆ. ಬಿಡುವ ಮನಸ್ಸಿದ್ದರೆ ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ, ದಿನಾ ಕುಡಿಯುವವರಿಗೆ ಅದೂ ಅಪಾಯ. ಡಾಕ್ಟರ ಸಹಾಯದಿಂದ ಬಿಡಿ.

ಪ್ರಶ್ನೆ: ಹೆಪಟೈಟಿಸ್ ಸಿ ಗೆ ಮೂರು ತಿಂಗಳು ಮಾತ್ರೆ ತಗೊಂಡೆ, ವೈರಸ್ ಹೋಯಿತು. ಆದರೆ ಎಲ್‌ಡಿಎಲ್ 88 ಇದ್ದದ್ದು 131 ಆಗಿದೆ. ಮಾತ್ರೆಯ ಸೈಡ್ ಎಫೆಕ್ಟಾ?

ಉತ್ತರ: ಸೈಡ್ ಎಫೆಕ್ಟ್ ಅನ್ನುವ ಹಾಗಿಲ್ಲ. ಆ ವೈರಸ್ ಲಿವರ್‌ನ ಕೊಬ್ಬಿನ ಮೂಟೆಗಳ ಮೇಲೇ ಸವಾರಿ ಮಾಡಿಕೊಂಡು ಹೊರಗೆ ಬರುತ್ತದೆ, ಹಾಗೆ ಬರುವಾಗ ಆ ವ್ಯವಸ್ಥೆಯನ್ನು ಕೆಡಿಸಿ ಕೊಲೆಸ್ಟ್ರಾಲ್ ತಗ್ಗಿಸಿಟ್ಟಿರುತ್ತದೆ. ಅದು ಹೋದ ಮೇಲೆ ನಿಮ್ಮ ನಿಜವಾದ ಎಲ್‌ಡಿಎಲ್ ಬೆಳಕಿಗೆ ಬಂದಿದೆ. 131ಕ್ಕೆ ಏನು ಮಾಡಬೇಕು ಅನ್ನುವುದು ನಿಮ್ಮ ವಯಸ್ಸು, ಬಿಪಿ, ಶುಗರ್ ನೋಡಿ ತೀರ್ಮಾನವಾಗಬೇಕು. ಲಿವರ್ ಕಸಿ ಆದವರಲ್ಲೂ ಕೊಲೆಸ್ಟ್ರಾಲ್ ಏರುತ್ತದೆ. ಹೊಸ ಲಿವರ್ ಕೆಲಸ ಶುರು ಮಾಡಿದ್ದು ಒಂದು ಕಾರಣ, ಸ್ಟಿರಾಯ್ಡ್, ಸೈಕ್ಲೋಸ್ಪೋರಿನ್, ಸಿರೋಲಿಮಸ್ ಮಾತ್ರೆಗಳು ಇನ್ನೊಂದು.

ಪ್ರಶ್ನೆ: ಅಮ್ಮನಿಗೆ ಸಿರೋಸಿಸ್. ಕೊಲೆಸ್ಟ್ರಾಲ್ ಪರೀಕ್ಷೆಗೆ 12 ಗಂಟೆ ಉಪವಾಸ ಇರಿ ಅಂದಿದ್ದಾರೆ. ಇರಿಸಬಹುದಾ?

ಉತ್ತರ: ಇರಿಸಬೇಡಿ. ಈಗ ಬಹುಪಾಲು ಲಿಪಿಡ್ ಪರೀಕ್ಷೆಗೆ ಉಪವಾಸ ಬೇಕಾಗಿಲ್ಲ. ತಿಂದು ಹೋದರೆ ಟ್ರೈಗ್ಲಿಸರೈಡ್ ಸ್ವಲ್ಪ ಜಾಸ್ತಿ ಬರುತ್ತದೆ, ಬೇರೆ ಅಂಕಿಗಳು ಅಷ್ಟೇನೂ ಬದಲಾಗುವುದಿಲ್ಲ. ಟ್ರೈಗ್ಲಿಸರೈಡ್ 400 ದಾಟಿ ಬಂದರೆ ಆಗ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಬಹುದು, ಸಿರೋಸಿಸ್‌ನಲ್ಲಿ ಅಷ್ಟು ಬರುವುದೇ ಕಡಿಮೆ. ಅದೇ ಹೊತ್ತಿಗೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ, ಸ್ಕ್ಯಾನ್ ಏನಾದರೂ ಇದ್ದರೆ ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ, ರಾತ್ರಿ ಮಲಗುವ ಮುಂಚೆ ತಿನ್ನಿಸಿ. ರಕ್ತ ಕೊಟ್ಟು ಬಂದ ಕೂಡಲೇ ತಿನ್ನಲು ಡಬ್ಬಿಯೊಂದು ಕೈಚೀಲದಲ್ಲಿರಲಿ, ಮನೆಗೆ ಬಂದ ಮೇಲೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ.